ಕಾಫಿ ಮಾರಿದ ಹಣ ಮತ್ತು ಬ್ಯಾಂಕಿನ ಅವಧಿ ಠೇವಣಿ: ಆರಿಸುವ ಬಗೆ, ಲೆಕ್ಕ ಹಾಕುವ ಬಗೆ

ಕೊಡಗಿನ ಬೆಳೆಗಾರನ ಮನೆಗೆ ಹಣ ವರ್ಷಕ್ಕೊಮ್ಮೆ ಬರುತ್ತದೆ, ವರ್ಷವಿಡೀ ಹೋಗುತ್ತದೆ. ಡಿಸೆಂಬರಿನ ಹೊತ್ತಿಗೆ ಅರೇಬಿಕಾ, ಜನವರಿಯಿಂದ ರೊಬಸ್ಟಾ, ಅದು ಮುಗಿಯುತ್ತಿದ್ದಂತೆ ಕರಿಮೆಣಸು ಕೊಯ್ಲಿಗೆ ಬರುತ್ತವೆ. ಕಣದಲ್ಲಿ ಒಣಗಿದ ಚೆರ್ರಿ ಐವತ್ತು ಕಿಲೋ ಚೀಲಗಳಲ್ಲಿ ಲಾರಿ ಹತ್ತಿದ ಮೇಲೆ, ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಖಾತೆಗೆ ಒಂದೇ ಸಲ ದೊಡ್ಡ ಮೊತ್ತ ಜಮೆಯಾಗುತ್ತದೆ. ಖರ್ಚು ಮಾತ್ರ ಹಾಗೆ ಒಂದೇ ಸಲ ಬರುವುದಿಲ್ಲ. ವಾರವಾರ ಕೂಲಿ ಕೊಡಬೇಕು, ಹೂಮಳೆ ಬಿದ್ದ ಮೇಲೆ ಗೊಬ್ಬರ ತರಬೇಕು, ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಸಿಂಪಡಿಸಬೇಕು, ಜೂನ್‌ನಲ್ಲಿ ಮಕ್ಕಳ ಶುಲ್ಕ ಕಟ್ಟಬೇಕು, ಸುಗ್ಗಿ ಹಬ್ಬವಾದ ಪುತ್ತರಿಗೆ ಮನೆಮಂದಿಗೆಲ್ಲ ಬಟ್ಟೆಬರೆ ಆಗಬೇಕು. ಈ ನಡುವಿನ ತಿಂಗಳುಗಳಲ್ಲಿ ಹಣವನ್ನು ಎಲ್ಲಿ, ಯಾವ ರೂಪದಲ್ಲಿ ಇಡಬೇಕು ಎಂಬುದೇ ಈ ಬರಹದ ವಿಷಯ. ಬ್ಯಾಂಕಿನ ಕೌಂಟರಿನ ಒಳಗೆ ಹಲವು ವರ್ಷ ಕೂತು, ಈಗ ನಾಲ್ಕೆಕರೆ ತೋಟ ನೋಡಿಕೊಳ್ಳುತ್ತ ಅದೇ ಕೌಂಟರಿನ ಹೊರಗೆ ಸಾಲಿನಲ್ಲಿ ನಿಲ್ಲುವವನಾಗಿ, ಎರಡೂ ಕಡೆಯಿಂದ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಠೇವಣಿ ಇಡಲು ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ “ಬಡ್ಡಿ ಎಷ್ಟು?” ಎಂಬುದು. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಈ ಹಣ ನನಗೆ ಯಾವ ತಿಂಗಳಲ್ಲಿ ಬೇಕಾಗುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಸಿಕ್ಕಿದರೆ ಯಾವ ಬಗೆಯ ಠೇವಣಿ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಅವಧಿ ಠೇವಣಿ ಎಂದರೆ

ಅವಧಿ ಠೇವಣಿ ಒಂದು ಕರಾರು. ಇಷ್ಟು ಹಣವನ್ನು ಇಷ್ಟು ದಿನ ಹಿಂದೆ ಕೇಳುವುದಿಲ್ಲ ಎಂದು ನಾವು ಒಪ್ಪುತ್ತೇವೆ. ಅದಕ್ಕೆ ಪ್ರತಿಯಾಗಿ ಇಂತಿಷ್ಟು ಬಡ್ಡಿ ಕೊಡುತ್ತೇನೆ ಎಂದು ಬ್ಯಾಂಕು ಒಪ್ಪುತ್ತದೆ. ಹಣ ಎಷ್ಟು ಕಾಲ ತನ್ನಲ್ಲಿರುತ್ತದೆ ಎಂಬುದು ಖಚಿತವಾಗಿರುವುದರಿಂದ ಬ್ಯಾಂಕು ಅದನ್ನು ಧೈರ್ಯವಾಗಿ ಸಾಲವಾಗಿ ಕೊಡಬಹುದು. ಉಳಿತಾಯ ಖಾತೆಗಿಂತ ಹೆಚ್ಚಿನ ಬಡ್ಡಿ ಸಿಗುವುದು ಈ ಕಾರಣಕ್ಕೆ. ಅವಧಿ 7 ದಿನಗಳಿಂದ ಆರಂಭವಾಗಿ ಸಾಮಾನ್ಯವಾಗಿ 10 ವರ್ಷಗಳವರೆಗೆ ಇರುತ್ತದೆ. ಠೇವಣಿ ಇಟ್ಟ ದಿನದ ದರವೇ ಕೊನೆಯವರೆಗೂ ನಡೆಯುತ್ತದೆ. ಮರುದಿನ ದರ ಏರಿದರೂ ನಮಗೆ ಲಾಭವಿಲ್ಲ, ಇಳಿದರೂ ನಷ್ಟವಿಲ್ಲ. ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದ ಜೊತೆಗೆ ಏರಿಳಿಯುವ ಠೇವಣಿಗಳನ್ನೂ ಕೆಲವು ಬ್ಯಾಂಕುಗಳು ಇಟ್ಟುಕೊಂಡಿವೆ, ಆದರೆ ನಮ್ಮ ಕಡೆಯ ಶಾಖೆಗಳಲ್ಲಿ ಅವನ್ನು ಕೇಳಿ ಬರುವವರನ್ನು ನಾನು ಕಂಡದ್ದು ತೀರ ಕಡಿಮೆ.

ಅವಧಿ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು ಎಂಬ ನಂಬಿಕೆ ಅನೇಕರಲ್ಲಿದೆ. ಅದು ನಿಜವಲ್ಲ. ಮುಂದಿನ ದಿನಗಳಲ್ಲಿ ದರ ಇಳಿಯಬಹುದೆಂದು ಬ್ಯಾಂಕಿಗೆ ಅನ್ನಿಸಿದರೆ ಐದು ವರ್ಷದ ಠೇವಣಿಗಿಂತ ಒಂದೂವರೆ ವರ್ಷದ್ದಕ್ಕೇ ಹೆಚ್ಚು ಕೊಡುತ್ತದೆ. 400 ದಿನ, 444 ದಿನ ಎಂಬ ವಿಶೇಷ ಯೋಜನೆಗಳನ್ನು ನೀವು ನೋಡಿರಬಹುದು. ಆ ಸಂಖ್ಯೆಗಳಲ್ಲಿ ಶಕುನವೇನೂ ಇಲ್ಲ, ಅಷ್ಟು ಅವಧಿಯ ಹಣ ಆಗ ಬ್ಯಾಂಕಿಗೆ ಬೇಕಾಗಿರುತ್ತದೆ, ಅಷ್ಟೆ. ಇಂಥ ಯೋಜನೆಗೆ ಸೇರುವ ಮೊದಲು ಕ್ಯಾಲೆಂಡರ್ ತೆಗೆದು ದಿನ ಎಣಿಸಿ. ಮಾರ್ಚ್ 15ರಂದು ಇಟ್ಟ 444 ದಿನಗಳ ಠೇವಣಿ, ನಡುವೆ ಫೆಬ್ರುವರಿ 29 ಬಾರದಿದ್ದರೆ, ಮುಂದಿನ ವರ್ಷ ಜೂನ್ 2ಕ್ಕೆ ಕೈಗೆ ಬರುತ್ತದೆ. ಆ ಹಣವನ್ನು ನಂಬಿ ಮೇ ತಿಂಗಳ ಗೊಬ್ಬರಕ್ಕೆ ಮಾತು ಕೊಟ್ಟಿದ್ದರೆ ಪೇಚಾಟಕ್ಕೆ ಸಿಲುಕುತ್ತೀರಿ.

ಮುಂದಿನ ಲೆಕ್ಕಗಳಲ್ಲೆಲ್ಲ ಎಣಿಕೆಗೆ ಸುಲಭವಾಗಲೆಂದು ಶೇ 7ರ ದರವನ್ನು ಇಟ್ಟುಕೊಂಡಿದ್ದೇನೆ. ನೀವು ಹೋದ ದಿನದ ನಿಜವಾದ ದರ ಶಾಖೆಯ ಫಲಕದಲ್ಲಿ ಇರುತ್ತದೆ. ಅರುವತ್ತು ವರ್ಷ ತುಂಬಿದವರಿಗೆ ಸಾಮಾನ್ಯವಾಗಿ ಅದರ ಮೇಲೆ ಇನ್ನೂ ಅರ್ಧ ಶೇಕಡಾ ಸಿಗುತ್ತದೆ. ಜಂಟಿ ಠೇವಣಿಯಾದರೆ ಹಿರಿಯರ ಹೆಸರು ಮೊದಲಿಗಿರಬೇಕು.

ಬಡ್ಡಿ ಕೂಡಿಸುವುದೋ, ಕೈಗೆ ಪಡೆಯುವುದೋ

ನಿಶ್ಚಿತ ಠೇವಣಿಯಲ್ಲಿ, ಎಂದರೆ ಎಲ್ಲರೂ ಎಫ್‌ಡಿ ಎನ್ನುವುದರಲ್ಲಿ, ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸುತ್ತ ಹೋಗುತ್ತಾರೆ, ಮುಂದಿನ ಬಡ್ಡಿ ಆ ಒಟ್ಟು ಮೊತ್ತಕ್ಕೆ ಬೀಳುತ್ತದೆ. ಶೇ 7ರಲ್ಲಿ ಒಂದು ಲಕ್ಷ ರೂಪಾಯಿ ಒಂದು ವರ್ಷಕ್ಕೆ 1,07,186 ಆಗುತ್ತದೆ. ಸರಳ ಬಡ್ಡಿಯಾಗಿದ್ದರೆ 1,07,000 ಮಾತ್ರ. ಐದು ವರ್ಷ ಬಿಟ್ಟರೆ ಅದೇ ಲಕ್ಷ 1,41,478 ಆಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಐದು ವರ್ಷದ ಒಟ್ಟು ಬಡ್ಡಿಯಾದ 41,478ನ್ನು ಐದರಿಂದ ಭಾಗಿಸಿ “ವಾರ್ಷಿಕ ಪ್ರತಿಫಲ ಶೇ 8.30” ಎಂದು ದೊಡ್ಡ ಅಕ್ಷರದಲ್ಲಿ ತೋರಿಸುವ ಕ್ರಮವಿದೆ. ಅದು ಸುಳ್ಳಲ್ಲ, ಆದರೆ ಬೇರೆ ಬ್ಯಾಂಕಿನ ದರದ ಜೊತೆ ಹೋಲಿಸಬೇಕಾದದ್ದು ಆ 8.30 ಅಲ್ಲ. ಮೂಲ ದರ 7 ಎಂಬುದನ್ನೇ ಕೇಳಿ ತಿಳಿದುಕೊಳ್ಳಿ.

ಎರಡನೆಯ ಬಗೆಯಲ್ಲಿ ಬಡ್ಡಿ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಉಳಿತಾಯ ಖಾತೆಗೆ ಬರುತ್ತದೆ, ಅಸಲು ಹಾಗೆಯೇ ಇರುತ್ತದೆ. ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 17,500 ಬರುತ್ತದೆ. ತಿಂಗಳಿಗೊಮ್ಮೆ ಬೇಕೆಂದರೆ ಅದನ್ನು ಮೂರರಿಂದ ಭಾಗಿಸಿದ 5,833 ಬರುವುದಿಲ್ಲ, ಸುಮಾರು 5,800 ಬರುತ್ತದೆ. ಮೂರು ತಿಂಗಳ ಕೊನೆಗೆ ಕೊಡಬೇಕಾದದ್ದನ್ನು ಮೊದಲೇ ಕೊಡುವುದರಿಂದ ಬ್ಯಾಂಕು ಅಷ್ಟನ್ನು ಮುರಿದುಕೊಳ್ಳುತ್ತದೆ. ಕೌಂಟರಿನಲ್ಲಿ “ನನ್ನ ಮೂವತ್ತಮೂರು ರೂಪಾಯಿ ಎಲ್ಲಿ?” ಎಂದು ಕೇಳಿದ ಹಿರಿಯರೊಬ್ಬರಿಗೆ ಇದನ್ನು ವಿವರಿಸಲು ನನಗೆ ಅರ್ಧ ಗಂಟೆ ಹಿಡಿದಿತ್ತು, ಕೇಳಿದ್ದು ಅವರ ಹಕ್ಕೇ ಆಗಿತ್ತು.

ಸೈನ್ಯದಿಂದ ನಿವೃತ್ತರಾಗಿ ಬಂದು ತಿಂಗಳ ಪಿಂಚಣಿ ಪಡೆಯುತ್ತಿರುವವರು ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲೂ ಇದ್ದಾರೆ. ಅವರಿಗೆ ಮೊದಲನೆಯ ಬಗೆ ಸಾಕು, ಏಕೆಂದರೆ ಕೈಗೆ ಬಂದ ಬಡ್ಡಿ ಬಹುತೇಕ ಖರ್ಚಾಗಿಯೇ ಹೋಗುತ್ತದೆ. ಪಿಂಚಣಿಯಿಲ್ಲದ, ತೋಟವನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಹಿರಿಯರಿಗೆ ಎರಡನೆಯದೇ ಸರಿ.

ಆರ್‌ಡಿ ಮತ್ತು ಪಿಗ್ಮಿ

ತಿಂಗಳ ಸಂಬಳವಿರುವವರಿಗೆ ಆವರ್ತ ಠೇವಣಿ, ಎಂದರೆ ಆರ್‌ಡಿ. ಪ್ರತಿ ತಿಂಗಳು ಒಂದೇ ಮೊತ್ತವನ್ನು ಕಟ್ಟಿ ಕೊನೆಗೆ ಒಟ್ಟಾಗಿ ಪಡೆಯುವುದು ಇದರ ಕ್ರಮ. ಬಡ್ಡಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚಾಗಿ ಕಾಣುವುದು ಇಲ್ಲೇ. ತಿಂಗಳಿಗೆ 5,000ದಂತೆ ಒಂದು ವರ್ಷ ಕಟ್ಟಿದರೆ 60,000 ಆಯಿತು, ಅದಕ್ಕೆ ಶೇ 7 ಎಂದರೆ 4,200 ಬಡ್ಡಿ ಬರಬೇಕು ಎಂದು ಜನ ಎಣಿಸುತ್ತಾರೆ. ನಿಜವಾಗಿ ಬರುವುದು ಸುಮಾರು 2,310. ಮೊದಲ ಕಂತು ಹನ್ನೆರಡು ತಿಂಗಳು ಬ್ಯಾಂಕಿನಲ್ಲಿರುತ್ತದೆ, ಕೊನೆಯ ಕಂತು ಒಂದೇ ತಿಂಗಳು. ಸರಾಸರಿ ತೆಗೆದರೆ ಹಣ ಅಲ್ಲಿದ್ದದ್ದು ಆರೂವರೆ ತಿಂಗಳು ಮಾತ್ರ. ಕಂತು ತಪ್ಪಿದರೆ ದಂಡ ಬೀಳುತ್ತದೆ. ಐದು ವರ್ಷದೊಳಗಿನ ಆರ್‌ಡಿಗೆ ನೂರು ರೂಪಾಯಿಗೆ ತಿಂಗಳಿಗೆ ಒಂದೂವರೆ ರೂಪಾಯಿ ಹಿಡಿಯುವ ಬ್ಯಾಂಕುಗಳಿವೆ. ವರ್ಷಕ್ಕೊಮ್ಮೆ ಆದಾಯ ಬರುವ ಬೆಳೆಗಾರನಿಗೆ ಆರ್‌ಡಿ ಹೊಂದುವುದಿಲ್ಲ ಎಂದೇ ನನ್ನ ಅನಿಸಿಕೆ.

ಅಂಗಡಿ, ಹೋಟೆಲು, ಆಟೋ ಇಟ್ಟುಕೊಂಡವರಿಗೆ ಪಿಗ್ಮಿ ಗೊತ್ತೇ ಇದೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಪಡೆಯುವ ಈ ಪದ್ಧತಿಯನ್ನು ಆರಂಭಿಸಿತು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಆ ಪದ ನಮ್ಮ ಸಂತೆಪೇಟೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಬಡ್ಡಿ ಕಡಿಮೆ, ಆದರೂ ಸಂಜೆಯ ಗಲ್ಲಾಪೆಟ್ಟಿಗೆಯಿಂದ ಹಣ ಹೊರಗೆ ಹೋಗದಂತೆ ತಡೆಯುತ್ತದೆ. ಏಜೆಂಟರು ಯಂತ್ರದಿಂದ ಕೊಡುವ ಚೀಟಿಯನ್ನು ದಿನವೂ ಕೇಳಿ ಪಡೆಯುವುದನ್ನು ಮಾತ್ರ ಬಿಡಬೇಡಿ.

ತೋಟದ ಹಣಕ್ಕೆ ಹೊಂದುವ ಬಗೆ

ಉಳಿತಾಯ ಖಾತೆಗೇ ಅಂಟಿಕೊಂಡ ಠೇವಣಿಯೊಂದಿದೆ. ಫ್ಲೆಕ್ಸಿ, ಸ್ವೀಪ್ ಎಂದೆಲ್ಲ ಬೇರೆ ಬೇರೆ ಬ್ಯಾಂಕುಗಳು ಬೇರೆ ಬೇರೆ ಹೆಸರಿನಿಂದ ಕರೆಯುತ್ತವೆ. ಖಾತೆಯಲ್ಲಿ ನಿಗದಿತ ಮಿತಿಯನ್ನು ಮೀರಿದ ಹಣ ತಾನಾಗಿಯೇ ಠೇವಣಿಯಾಗುತ್ತದೆ. ಚೆಕ್ ಬಂದಾಗ ಅಥವಾ ಎಟಿಎಂನಿಂದ ಹಣ ತೆಗೆದಾಗ ಖಾತೆಯಲ್ಲಿ ಸಾಲದೆ ಹೋದರೆ ಬೇಕಾದಷ್ಟೇ ಭಾಗ ಠೇವಣಿಯಿಂದ ಮುರಿದು ವಾಪಸು ಬರುತ್ತದೆ, ಉಳಿದದ್ದು ಹಳೆಯ ದರದಲ್ಲೇ ಮುಂದುವರಿಯುತ್ತದೆ. ಮಾರ್ಚ್‌ನಲ್ಲಿ ಆರು ಲಕ್ಷ ಬಂದು, ತಿಂಗಳ ಕೊನೆಗೆ ಐವತ್ತು ಸಾವಿರದಂತೆ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ವರ್ಷದ ಸರಾಸರಿ ಶಿಲ್ಕು ಮೂರೂಕಾಲು ಲಕ್ಷ. ಉಳಿತಾಯ ಖಾತೆಯಲ್ಲಿ ಶೇ 2.5ರಂತೆ ಅದಕ್ಕೆ ಬರುವುದು ಸುಮಾರು 8,125 ರೂಪಾಯಿ. ಮಧ್ಯದಲ್ಲಿ ಮುರಿದದ್ದಕ್ಕೆ ಕಡಿತವೆಲ್ಲ ಕಳೆದು ಸರಾಸರಿ ಶೇ 5 ಸಿಕ್ಕಿದರೂ 16,250 ಆಗುತ್ತದೆ. ಹೆಚ್ಚುವರಿಯಾಗಿ ಬಂದ ಎಂಟು ಸಾವಿರ ಸಣ್ಣ ಮೊತ್ತವೇನಲ್ಲ, ಅದಕ್ಕಾಗಿ ಮಾಡಬೇಕಾದದ್ದು ಒಂದು ಅರ್ಜಿಗೆ ಸಹಿ ಮಾತ್ರ.

ಕೇಳಿ ತಿಳಿಯಬೇಕಾದ ವಿವರಗಳು ಮೂರು. ಎಷ್ಟು ಹಣ ಮೀರಿದ ಮೇಲೆ ಠೇವಣಿಗೆ ಹೋಗುತ್ತದೆ, ಎಷ್ಟೆಷ್ಟರ ತುಂಡಾಗಿ ಮುರಿಯುತ್ತದೆ, ಮುರಿಯುವಾಗ ಮೊದಲು ಹೋದದ್ದು ಮೊದಲು ಮುರಿಯುತ್ತದೆಯೋ ಅಥವಾ ಕೊನೆಗೆ ಹೋದದ್ದೋ. ಕೊನೆಗೆ ಹೋದದ್ದು ಮೊದಲು ಮುರಿದರೆ ನಮಗೆ ಒಳ್ಳೆಯದು, ಏಕೆಂದರೆ ಹಳೆಯ ಠೇವಣಿಗೆ ಕೂಡಿದ ದಿನಗಳು ಹಾಳಾಗುವುದಿಲ್ಲ. ಏಳು ದಿನ ತುಂಬುವ ಮೊದಲೇ ಮುರಿದ ಭಾಗಕ್ಕೆ ಬಡ್ಡಿ ಏನೂ ಬರುವುದಿಲ್ಲ ಎಂಬುದೂ ನೆನಪಿರಲಿ.

ನಡುವೆ ಹಣ ಬೇಕಾದರೆ

ಅವಧಿಗೆ ಮುಂಚೆ ಮುರಿಯುವುದರ ಲೆಕ್ಕವನ್ನು ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಮುರಿದಾಗ ಕರಾರಿನ ದರ ಸಿಗುವುದಿಲ್ಲ. ಠೇವಣಿ ನಿಜವಾಗಿ ಎಷ್ಟು ಕಾಲ ಇತ್ತೋ ಅಷ್ಟು ಅವಧಿಗೆ, ಇಟ್ಟ ದಿನ ಇದ್ದ ದರವನ್ನು ಹಿಡಿದು, ಅದರಿಂದ ಅರ್ಧವೋ ಒಂದೋ ಶೇಕಡಾ ದಂಡವಾಗಿ ಕಳೆಯುತ್ತಾರೆ. ಐದು ಲಕ್ಷವನ್ನು ಮೂರು ವರ್ಷಕ್ಕೆ ಶೇ 7ರಲ್ಲಿ ಇಟ್ಟು ಹದಿನಾಲ್ಕನೆಯ ತಿಂಗಳಿಗೆ ಮುರಿದಿರಿ ಎನ್ನೋಣ. ಒಂದು ವರ್ಷದ ಮೇಲಿನ ಅವಧಿಗೆ ಆಗ ದರ ಶೇ 6.75 ಇತ್ತು, ದಂಡ ಶೇ 1. ನಿಮಗೆ ಸಿಗುವುದು ಶೇ 5.75. ಹದಿನಾಲ್ಕು ತಿಂಗಳಿಗೆ ಶೇ 7ರಲ್ಲಿ 5,42,160ರಷ್ಟು ಆಗಬೇಕಿದ್ದದ್ದು ಈಗ 5,34,440ರ ಆಸುಪಾಸಿಗೆ ನಿಲ್ಲುತ್ತದೆ. ಏಳು ಸಾವಿರದ ಏಳುನೂರು ರೂಪಾಯಿ ಹೋಯಿತು.

ನಿಮಗೆ ಬೇಕಾಗಿದ್ದದ್ದು ಎರಡು ಲಕ್ಷ, ಅದೂ ಕಾಫಿ ಮಾರುವವರೆಗಿನ ಮೂರು ತಿಂಗಳಿಗೆ ಮಾತ್ರ ಆಗಿದ್ದರೆ ಠೇವಣಿಯನ್ನು ಮುಟ್ಟದೆ ಅದರ ಮೇಲೆ ಸಾಲ ಪಡೆಯಬಹುದಿತ್ತು. ಠೇವಣಿಯ ಶೇ 90ರವರೆಗೆ ಸಾಲ ಕೊಡುವ ಬ್ಯಾಂಕುಗಳಿವೆ. ಬಡ್ಡಿ ಠೇವಣಿಯ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು. ಶೇ 8ರಲ್ಲಿ ಎರಡು ಲಕ್ಷಕ್ಕೆ ಮೂರು ತಿಂಗಳ ಬಡ್ಡಿ 4,000. ಅದೇ ಮೂರು ತಿಂಗಳಲ್ಲಿ ಆ ಎರಡು ಲಕ್ಷ ಠೇವಣಿಯಲ್ಲಿ 3,500 ದುಡಿಯುತ್ತಲೇ ಇರುತ್ತದೆ. ನಿಜವಾದ ಖರ್ಚು ಐನೂರು ರೂಪಾಯಿ. ಜಾಮೀನು ಬೇಡ, ಆರ್‌ಟಿಸಿ ಬೇಡ, ರಸೀದಿಯ ಮೇಲೆ ಸಹಿ ಹಾಕಿ ಕೊಟ್ಟರೆ ಸಾಮಾನ್ಯವಾಗಿ ಅದೇ ದಿನ ಹಣ ಸಿಗುತ್ತದೆ. ಆದರೆ ಹಣ ಬಹಳ ಕಾಲಕ್ಕೆ ಬೇಕಾಗಿದ್ದರೆ, ಅಥವಾ ಠೇವಣಿ ಇಟ್ಟು ಒಂದೆರಡು ತಿಂಗಳಷ್ಟೇ ಆಗಿದ್ದರೆ ಮುರಿಯುವುದೇ ಮೇಲಾಗಬಹುದು. ಎರಡೂ ಲೆಕ್ಕವನ್ನು ಬರೆದು ನೋಡಿ ತೀರ್ಮಾನಿಸಿ.

ಇದಕ್ಕಿಂತ ಸರಳವಾದ ಉಪಾಯ ಹಳಬರಿಗೆ ಗೊತ್ತಿತ್ತು. ಐದು ಲಕ್ಷಕ್ಕೆ ಒಂದೇ ರಸೀದಿ ಮಾಡಿಸುವ ಬದಲು ಲಕ್ಷಕ್ಕೊಂದರಂತೆ ಐದು ಮಾಡಿಸುತ್ತಿದ್ದರು, ಅದೂ ಬೇರೆ ಬೇರೆ ತಿಂಗಳಿಗೆ ಮುಗಿಯುವಂತೆ. ಒಂದು ಮುರಿದರೆ ನಾಲ್ಕು ಉಳಿಯುತ್ತವೆ. ಒಬ್ಬ ವ್ಯಕ್ತಿಯ ಒಂದು ಕೋಟಿವರೆಗಿನ ಠೇವಣಿಗೆ ಮಧ್ಯದಲ್ಲಿ ಮುರಿಯುವ ಸೌಲಭ್ಯ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದಕ್ಕಿಂತ ದೊಡ್ಡದಕ್ಕೆ ಮಾತ್ರ ಮುರಿಯಲಾಗದ ಷರತ್ತು ಹಾಕಬಹುದು.

ಐದು ವರ್ಷದ ತೆರಿಗೆ ಉಳಿತಾಯ ಠೇವಣಿ ಇದಕ್ಕೆ ಹೊರತು. 2006ರಲ್ಲಿ ಬಂದ ಈ ಯೋಜನೆಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಇಡಬಹುದು. ಮುರಿಯುವಂತಿಲ್ಲ, ಸಾಲಕ್ಕೆ ಒತ್ತೆ ಇಡುವಂತಿಲ್ಲ. ತೆರಿಗೆಯ ಲಾಭ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. ತೆರಿಗೆಯೇ ಬೀಳದ ಸಣ್ಣ ಬೆಳೆಗಾರರಿಗೂ ಇದನ್ನು ಮಾಡಿಸಿದ್ದನ್ನು ನೋಡಿದ್ದೇನೆ, ಅದರಿಂದ ಅವರಿಗೆ ಸಿಕ್ಕಿದ್ದು ಐದು ವರ್ಷದ ಬೀಗ ಒಂದೇ.

ರಸೀದಿಯನ್ನು ಓದುವುದು

ರಸೀದಿ ಕೈಗೆ ಬಂದ ಕೂಡಲೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಡಬೇಡಿ. ಕೌಂಟರಿನ ಮುಂದೆಯೇ ನಿಂತು ಓದಿ. ಮೊದಲು ಹೆಸರು: ಮನೆತನದ ಹೆಸರು ಆಧಾರ್‌ನಲ್ಲಿ ಮುಂದೆ, ಪಾನ್‌ನಲ್ಲಿ ಹಿಂದೆ, ರಸೀದಿಯಲ್ಲಿ ಒಂದೇ ಅಕ್ಷರವಾಗಿ ಇರುವುದು ನಮ್ಮಲ್ಲಿ ಬಹಳ ಸಾಮಾನ್ಯ, ಮುಂದೆ ವಾರಸುದಾರರು ಅಲೆಯುವುದು ಇದರಿಂದಲೇ. ನಂತರ ದರ, ಮುಗಿಯುವ ದಿನಾಂಕ, ಆ ದಿನ ಬರಬೇಕಾದ ಮೊತ್ತ. ಹಿರಿಯ ನಾಗರಿಕರ ದರ ಬಿದ್ದಿದೆಯೇ ಎಂದು ಇಲ್ಲಿಯೇ ಗೊತ್ತಾಗುತ್ತದೆ. ಬ್ಯಾಂಕಿನ ದಾಖಲೆಯಲ್ಲಿ ಹುಟ್ಟಿದ ದಿನಾಂಕ ತಪ್ಪಿದ್ದರೆ ಬಿದ್ದಿರುವುದಿಲ್ಲ.

ಅದರ ಕೆಳಗೆ ಹಣ ಯಾರ ಸಹಿಗೆ ಸಿಗಬೇಕು ಎಂಬ ಸಾಲು ಇರುತ್ತದೆ. ಗಂಡ ಹೆಂಡತಿಯ ಜಂಟಿ ಠೇವಣಿಗೆ “ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು” ಎಂಬುದು ವಾಡಿಕೆ. ಅವಧಿ ಮುಗಿದಾಗ ಒಬ್ಬರ ಸಹಿ ಸಾಕು, ಆದರೆ ಇಬ್ಬರೂ ಬದುಕಿರುವಾಗ ಮಧ್ಯದಲ್ಲಿ ಮುರಿಯಲು ಇಬ್ಬರ ಸಹಿಯೂ ಬೇಕು. ಒಬ್ಬರು ತೀರಿಕೊಂಡ ಮೇಲೆ ಉಳಿದವರು ಅವಧಿಗೆ ಮುಂಚೆ ಪಡೆಯಲು ಠೇವಣಿ ಇಡುವಾಗಲೇ ಬರೆದುಕೊಡುವ ಒಪ್ಪಿಗೆಯೊಂದಿದೆ. ಅದನ್ನು ಕೇಳಿ ಸಹಿ ಮಾಡಿ.

ನಾಮಿನಿಯ ಹೆಸರು ಇದೆಯೇ ನೋಡಿ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದು ಬರೆಯಬಹುದು, ಇಲ್ಲವೇ ಒಬ್ಬರ ನಂತರ ಒಬ್ಬರು ಎಂದೂ ಇಡಬಹುದು. ಆದರೆ ನಾಮಿನಿ ಹಣದ ಒಡೆಯನಲ್ಲ. ಬ್ಯಾಂಕಿನಿಂದ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು. ಒಕ್ಕದ, ಎಂದರೆ ಇಡೀ ಮನೆತನದ, ತೋಟದ ಹಣವನ್ನು ಹಿರಿಯರೊಬ್ಬರ ಹೆಸರಿನಲ್ಲಿಟ್ಟು, ಅವರ ಒಬ್ಬ ಮಗನನ್ನು ನಾಮಿನಿ ಮಾಡಿ, ಕೊನೆಗೆ ಮನೆತನದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಮಾತು ಬೆಳೆಯುವುದು ಈ ವ್ಯತ್ಯಾಸ ತಿಳಿಯದೆ.

ಕೊನೆಯ ಸಾಲು ಅವಧಿ ಮುಗಿದ ಮೇಲೆ ಏನು ಮಾಡಬೇಕೆಂಬುದು. ಇದರಲ್ಲಿ ನಾನೇ ಎಡವಿದ್ದೇನೆ, ಅದೂ ಬ್ಯಾಂಕಿನಲ್ಲಿ ದುಡಿದವನಾಗಿ. ಮಗಳ ಕಾಲೇಜು ಶುಲ್ಕಕ್ಕೆಂದು ಜುಲೈಗೆ ಮುಗಿಯುವ ಠೇವಣಿ ಇಟ್ಟಿದ್ದೆ. ಅರ್ಜಿಯಲ್ಲಿ “ಅಸಲು ಮತ್ತು ಬಡ್ಡಿ ಸೇರಿಸಿ ನವೀಕರಿಸಿ” ಎಂಬಲ್ಲಿ ಗುರುತು ಬಿದ್ದದ್ದನ್ನು ನೋಡಿರಲಿಲ್ಲ. ಆ ಜುಲೈ ಮಳೆಗೆ ದಾರಿಗೆ ಮರ ಬಿದ್ದು, ಕರೆಂಟು ಹೋಗಿ, ನೆಟ್‌ವರ್ಕ್ ಇಲ್ಲದೆ ಮೂರು ವಾರ ಪೇಟೆಗೆ ಹೋಗಲಾಗಲಿಲ್ಲ. ಹೋದಾಗ ಠೇವಣಿ ಇನ್ನೊಂದು ವರ್ಷಕ್ಕೆ ನವೀಕರಣವಾಗಿತ್ತು. ಹಿಂದಕ್ಕೆ ಪಡೆಯಲು ಆ ಬ್ಯಾಂಕು ಕೊಡುವ ಕೆಲವು ದಿನಗಳ ಗಡುವೂ ದಾಟಿತ್ತು. ಮುರಿದಾಗ ಆ ಮೂರು ವಾರಕ್ಕೆ ಬಂದ ಬಡ್ಡಿ ಬಸ್ ಚಾರ್ಜಿಗೂ ಸಾಲಲಿಲ್ಲ. ಅಂದಿನಿಂದ ಖರ್ಚಿಗೆ ಬೇಕಾದ ಹಣವಾದರೆ “ಉಳಿತಾಯ ಖಾತೆಗೆ ಜಮೆ ಮಾಡಿ” ಎಂದೇ ಬರೆಸುತ್ತೇನೆ, ಜೂನ್‌ನಿಂದ ಆಗಸ್ಟ್‌ವರೆಗಿನ ದಿನಾಂಕ ಬೀಳದಂತೆ ಅವಧಿಯನ್ನು ಹೊಂದಿಸುತ್ತೇನೆ. ಎರಡನ್ನೂ ಬರೆಸದೆ ಬಿಟ್ಟರೆ ಅವಧಿ ಮುಗಿದ ಹಣಕ್ಕೆ ಉಳಿತಾಯ ಖಾತೆಯ ದರ ಅಥವಾ ಕರಾರಿನ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು ಮಾತ್ರ ಸಿಗುತ್ತದೆ.

ತೆರಿಗೆ

ಕಾಫಿಯ ಆದಾಯ ಕೃಷಿ ಆದಾಯ, ಅದರ ಠೇವಣಿಯ ಬಡ್ಡಿಗೂ ತೆರಿಗೆಯಿಲ್ಲ ಎಂದು ನಂಬಿದವರು ಇಂದಿಗೂ ಇದ್ದಾರೆ. ಬಡ್ಡಿ ಕೃಷಿ ಆದಾಯವಲ್ಲ. ಒಂದು ಆರ್ಥಿಕ ವರ್ಷದಲ್ಲಿ ಒಂದು ಬ್ಯಾಂಕಿನ ಠೇವಣಿಗಳ ಬಡ್ಡಿ 50,000 ರೂಪಾಯಿ ಮೀರಿದರೆ, ಹಿರಿಯ ನಾಗರಿಕರಿಗಾದರೆ ಒಂದು ಲಕ್ಷ ಮೀರಿದರೆ, ಬ್ಯಾಂಕು ಶೇ 10ರಂತೆ ಟಿಡಿಎಸ್, ಎಂದರೆ ಮೂಲದಲ್ಲೇ ಹಿಡಿಯುವ ತೆರಿಗೆ, ಕಳೆಯುತ್ತದೆ. ಈ ಮಿತಿಗಳು 2025ರ ಏಪ್ರಿಲ್ 1ರಿಂದ ಬಂದಿವೆ. ಪಾನ್ ಕೊಡದಿದ್ದರೆ ಶೇ 20. ಬಡ್ಡಿ ಕೂಡಿಸುವ ಠೇವಣಿಯಲ್ಲಿ ಹಣ ಕೈಗೆ ಬಾರದಿದ್ದರೂ ಆ ವರ್ಷ ಜಮೆಯಾದ ಬಡ್ಡಿಗೆ ಟಿಡಿಎಸ್ ಬೀಳುತ್ತದೆ. ತೆರಿಗೆ ಬೀಳುವಷ್ಟು ಆದಾಯವಿಲ್ಲದವರು 15ಜಿ, ಹಿರಿಯರಾದರೆ 15ಎಚ್ ಎಂದು ಇಷ್ಟು ವರ್ಷ ಕರೆಯುತ್ತ ಬಂದ ಸ್ವಘೋಷಣೆಯನ್ನು ವರ್ಷದ ಆರಂಭದಲ್ಲೇ ಕೊಟ್ಟರೆ ಕಡಿತವಾಗುವುದಿಲ್ಲ. ಕಳೆದುಹೋದ ಮೇಲೆ ವಾಪಸು ಪಡೆಯಲು ರಿಟರ್ನ್ ಸಲ್ಲಿಸಬೇಕು.

ಐದು ಲಕ್ಷದ ಗೆರೆ

ಬ್ಯಾಂಕು ಮುಳುಗಿದರೆ ಠೇವಣಿ ವಿಮಾ ನಿಗಮದಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. 2020ರ ಫೆಬ್ರುವರಿ 4ರವರೆಗೆ ಈ ಮಿತಿ ಒಂದು ಲಕ್ಷ ಇತ್ತು. ಐದು ಲಕ್ಷದಲ್ಲಿ ಅಸಲು, ಬಡ್ಡಿ ಎರಡೂ ಸೇರಿವೆ. ಆದ್ದರಿಂದ ಬಡ್ಡಿ ಕೂಡಿಸುವ ಠೇವಣಿಗೆ ನಾಲ್ಕೂವರೆ ಲಕ್ಷ ಅಥವಾ ಅದಕ್ಕಿಂತ ಕಡಿಮೆ ಇಟ್ಟರೆ ಒಳ್ಳೆಯದು. ಮಡಿಕೇರಿ ಶಾಖೆಯಲ್ಲಿ ನಾಲ್ಕು, ಗೋಣಿಕೊಪ್ಪ ಶಾಖೆಯಲ್ಲಿ ನಾಲ್ಕು ಇಟ್ಟರೆ ಬ್ಯಾಂಕು ಒಂದೇ ಆದ್ದರಿಂದ ಎರಡೂ ಒಟ್ಟು ಸೇರುತ್ತವೆ. ಗಂಡನ ಹೆಸರಿನದು, ಹೆಂಡತಿಯ ಹೆಸರಿನದು, ಇಬ್ಬರ ಜಂಟಿಯದು ಬೇರೆ ಬೇರೆಯಾಗಿ ಲೆಕ್ಕವಾಗುತ್ತವೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಇನ್ನೂ ಸ್ವಲ್ಪ ಗಮನವಿಟ್ಟು ನೋಡಬೇಕಾದ ಕಾರಣವಿದೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು ಎಲ್ಲವೂ ಈ ವಿಮೆಯೊಳಗೆ ಬರುತ್ತವೆ. ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ಬರುವುದಿಲ್ಲ. ಗೊಬ್ಬರ, ಬೆಳೆ ಸಾಲ, ಅಕ್ಕಿ ಎಲ್ಲವೂ ಅಲ್ಲೇ ಸಿಗುವುದರಿಂದ, ಅಧ್ಯಕ್ಷರೂ ಕಾರ್ಯದರ್ಶಿಯೂ ಪರಿಚಿತರೇ ಆಗಿರುವುದರಿಂದ, ಬಡ್ಡಿಯೂ ಕೆಲವೊಮ್ಮೆ ಹೆಚ್ಚಿರುವುದರಿಂದ ಜನ ಅಲ್ಲಿ ಠೇವಣಿ ಇಡುತ್ತಾರೆ. ಚೆನ್ನಾಗಿ ನಡೆಯುವ ಸಂಘಗಳು ಬಹಳವಿವೆ, ನಾನೂ ಸದಸ್ಯ, ನನ್ನದೂ ಸ್ವಲ್ಪ ಅಲ್ಲಿದೆ. ಆದರೆ ಅಲ್ಲಿ ನಮ್ಮ ರಕ್ಷಣೆ ಸಂಘದ ಲೆಕ್ಕಪತ್ರ ಮಾತ್ರ, ವಿಮೆಯಲ್ಲ. ಮಹಾಸಭೆಯಲ್ಲಿ ಊಟಕ್ಕೆ ಮೊದಲು ಆಡಿಟ್ ವರದಿಯ ಪುಟಗಳನ್ನು ತಿರುವಿ, ಸುಸ್ತಿ ಸಾಲ ಎಷ್ಟಿದೆ ನೋಡಿ. ಜೀವಮಾನದ ಉಳಿತಾಯವನ್ನೆಲ್ಲ ಒಂದೇ ಸಂಘದಲ್ಲಿ ಇಡುವುದನ್ನು ನಾನು ಒಪ್ಪುವುದಿಲ್ಲ. ಮಿತಿ ಮೀರಿದ ಹಣಕ್ಕೆ ಇನ್ನೊಂದು ಬ್ಯಾಂಕು ಇದೆ, ಕೇಂದ್ರ ಸರ್ಕಾರದ ಹೊಣೆಯಿರುವ ಅಂಚೆ ಕಚೇರಿಯ 1, 2, 3, 5 ವರ್ಷದ ಠೇವಣಿಗಳೂ ಇವೆ.

ಹಳೆಯ ಪೆಟ್ಟಿಗೆಯ ರಸೀದಿಗಳು

ಹಿರಿಯರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಗುವ ರಸೀದಿಗಳ ಮೇಲೆ ಈಗ ಇಲ್ಲದ ಬ್ಯಾಂಕುಗಳ ಹೆಸರು ಇರುವುದುಂಟು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಮತ್ತು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ರಸೀದಿ ಹಾಗೆಯೇ ಊರ್ಜಿತ; ಸೇರಿಸಿಕೊಂಡ ಬ್ಯಾಂಕಿನ ಶಾಖೆಗೆ ಒಯ್ಯಬೇಕು. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ, ಆದರೆ ನಮ್ಮ ಹಕ್ಕು ಹೋಗುವುದಿಲ್ಲ. 2023ರಲ್ಲಿ ಆರಂಭವಾದ ಉದ್ಗಮ್ ಜಾಲತಾಣದಲ್ಲಿ ಹೆಸರು, ಬ್ಯಾಂಕು ಮತ್ತು ಪಾನ್ ಅಥವಾ ಹುಟ್ಟಿದ ದಿನಾಂಕ ಕೊಟ್ಟು ಹುಡುಕಬಹುದು. ಮನೆತನದ ಹೆಸರನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬರೀ ಮೊದಲಕ್ಷರವಾಗಿ ಹಾಕಿ ಮೂರು ಸಲವಾದರೂ ಹುಡುಕಿ. ಸಿಕ್ಕಿದರೆ ಮರಣ ಪ್ರಮಾಣಪತ್ರ, ನಾಮಿನಿಯ ಅಥವಾ ವಾರಸುದಾರರ ದಾಖಲೆಗಳೊಡನೆ ಅದೇ ಬ್ಯಾಂಕಿಗೆ ಅರ್ಜಿ ಕೊಡಬೇಕು. ಬ್ಯಾಂಕು ನಿಮಗೆ ಹಣ ಕೊಟ್ಟು, ನಂತರ ನಿಧಿಯಿಂದ ತಾನು ಪಡೆದುಕೊಳ್ಳುತ್ತದೆ.